ವಾಪಸ್ ಬಾರದ ಜಾಡಿಗಳು

ಸ್ವಂತ ಭಾಷೆಯಲ್ಲಿ ಸುಳ್ಳು ಹೇಳುವುದು ಯಾರಿಗೂ ಕಷ್ಟವಲ್ಲ. ನಾಲಿಗೆಗೆ ಅಭ್ಯಾಸವಾಗಿರುತ್ತದೆ, ಮನಸ್ಸನ್ನು ಕೇಳದೆಯೇ ಹೇಳಿ ಮುಗಿಸಿಬಿಡುತ್ತದೆ. ಆಗಷ್ಟೇ ಕಲಿಯುತ್ತಿರುವ ಭಾಷೆಯಲ್ಲಿ ಅದು ಸಾಗದು. ಒಂದೊಂದು ಪದವನ್ನೂ ಹುಡುಕಿ ತಂದು ಜೋಡಿಸಬೇಕು, ಜೋಡಿಸುವಾಗ ಅದರ ಮುಖ ನೋಡಲೇಬೇಕು. ರಾಜಧಾನಿ ಸೋಫಿಯಾದ ಸಂಜೆ ತರಗತಿಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಝೋರ್ನಿತ್ಸಾ ಸಿಕ್ಕಿಬಿದ್ದದ್ದು ಇಲ್ಲೇ.

ಝೋರ್ನಿತ್ಸಾ ಕೃತಕ ಹಲ್ಲು ಮಾಡುವವಳು. ಮೂವತ್ತೆರಡು ವರ್ಷ, ಮದುವೆಯಿಲ್ಲ, ಮ್ಲಾದೊಸ್ತ್ ಬಡಾವಣೆಯಲ್ಲಿ ಆರನೇ ಮಹಡಿಯ ಬಾಡಿಗೆ ಮನೆ. ಸೋಫಿಯಾದ ಎಷ್ಟೋ ಮುದುಕರು ಅವಳು ಕಟ್ಟಿಕೊಟ್ಟ ಹಲ್ಲಿನಲ್ಲಿ ಅಗಿಯುತ್ತಿದ್ದರು, ಅದೇ ಹಲ್ಲಿನಲ್ಲಿ ಸರ್ಕಾರವನ್ನು ಬೈಯುತ್ತಿದ್ದರು. ಅವಳ ಪ್ರಯೋಗಾಲಯಕ್ಕೆ ಈಚೆಗೆ ಇಂಗ್ಲೆಂಡಿನಿಂದಲೂ ಕೆಲಸ ಬರತೊಡಗಿದ್ದರಿಂದ, ಅವರೊಡನೆ ಮಾತಾಡಲು ಯಾರಾದರೂ ಬೇಕಾಗಿತ್ತು. ಆ ಯಾರಾದರೂ ತಾನೇ ಆಗಬೇಕು ಎಂದು ಝೋರ್ನಿತ್ಸಾ ತರಗತಿಗೆ ಸೇರಿದ್ದಳು.

ಟೀಚರ್ ಎವ್ಗೇನಿಯಾ ನಿವೃತ್ತ ಮೇಡಂ. ಕೊನೆಯ ದಿನ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಬದುಕಿನ ಬಗ್ಗೆ ಮಾತಾಡಬೇಕು, ನಿಜವನ್ನೇ ಹೇಳಬೇಕು ಎಂಬುದು ಅವರ ನಿಯಮ. ಸುಳ್ಳು ಹೇಳಿದರೆ ಮಧ್ಯದಲ್ಲಿ ಕ್ರಿಯಾಪದ ಮರೆತುಹೋಗುತ್ತದೆ ಎಂದು ಅವರು ಹೆದರಿಸಿದ್ದರು. ಅದರ ಅಭ್ಯಾಸಕ್ಕೆಂದು ಒಂದು ಶುಕ್ರವಾರ ಝೋರ್ನಿತ್ಸಾಳನ್ನು ಎಬ್ಬಿಸಿದಾಗ, ಅವಳು ತನಗೆ ಅತ್ಯಂತ ಹೆಮ್ಮೆಯ ಮಾತಿನಿಂದಲೇ ಶುರುಮಾಡಿದಳು. ತಾನು ಯಾರ ಹಂಗೂ ಇಲ್ಲದೆ ದುಡಿದು ತಿನ್ನುತ್ತೇನೆ ಎಂಬುದು ಆ ಮಾತು. ಆದರೆ ಅವಳ ಭಾಷೆಯಲ್ಲಿ ಸಾಕುವುದಕ್ಕೂ ಸಹಿಸುವುದಕ್ಕೂ ಪದ ಒಂದೇ, ಅವಳು ನಿಘಂಟಿನಲ್ಲಿ ಅದರ ಮುಂದೆ ಮೊದಲು ಸಿಕ್ಕಿದ ಅರ್ಥವನ್ನೇ ಹೆಕ್ಕಿಕೊಂಡು ಬಂದಿದ್ದಳು. ಅವಳ ಇಂಗ್ಲಿಷಿನಲ್ಲಿ ಅದು, ನನ್ನನ್ನು ನಾನೇ ಸಹಿಸಿಕೊಳ್ಳುತ್ತೇನೆ ಎಂದಾಯಿತು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಎಲ್ಲರ ಪಾಡೂ ಹೌದು, ಆದರೆ ನೀನು ಹೇಳಬೇಕೆಂದಿದ್ದು ಅದಲ್ಲ ಎಂದರು. ಝೋರ್ನಿತ್ಸಾ ತಿದ್ದಿಕೊಂಡು, ನನಗೆ ನಾನೇ ಉಣಿಸುತ್ತೇನೆ ಎಂದಳು. ಅದನ್ನು ಚಮಚ ಹಿಡಿಯಲು ಕಲಿತ ಮಗುವಿನ ಬಗ್ಗೆ ಹೇಳುತ್ತಾರೆ ಎಂದು ಮೇಡಂ ಬೋರ್ಡಿಗೆ ತಿರುಗಿ ಬರೆದರು: ಐ ಸಪೋರ್ಟ್ ಮೈಸೆಲ್ಫ್. ಇಂಗ್ಲಿಷಿನವರು ಬಾಯ್ತುಂಬ ಆಡುವ ಮಾತು ಇಷ್ಟೇ. ದುಡಿಮೆಯನ್ನು ಒತ್ತಿ ಹೇಳಬೇಕಿದ್ದರೆ, ಐ ಅರ್ನ್ ಮೈ ಓನ್ ಲಿವಿಂಗ್. ಇನ್ನೂ ಸ್ವಲ್ಪ ಎದೆಯುಬ್ಬಿಸಬೇಕಿದ್ದರೆ ಅವರೂ ನಮ್ಮ ಹಾಗೆಯೇ ಸ್ವಂತ ಕಾಲ ಮೇಲೆ ನಿಲ್ಲುತ್ತಾರೆ, ಕಾಲು ಎರಡೆಂದು ಎಣಿಸಿ ಹೇಳುವುದಷ್ಟೇ ಅವರ ವಿಶೇಷ.

ಝೋರ್ನಿತ್ಸಾ ಮೂರನ್ನೂ ಹೇಳಿದಳು. ನಾಲಿಗೆಗೆ ಚೆನ್ನಾಗಿಯೇ ಕೂತವು. ಆಗ ಪಕ್ಕದ ಬೆಂಚಿನ ಆಸೆನ್ ಬಗ್ಗಿ ನೋಡಿದ. ಲಿಫ್ಟ್ ರಿಪೇರಿ ಮಾಡುವವನು, ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಅವಳ ಕಾಲ ಬಳಿ ಹೊಟ್ಟೆಯುಬ್ಬಿಸಿಕೊಂಡು ಕೂತಿದ್ದ ಚೌಕಳಿ ಚೀಲವನ್ನು ತೋರಿಸಿದ.

"ಕಾಲೇನೋ ನಿಂದೇ, ಒಪ್ದೆ. ನಿಂತಿರೋದು ಮಾತ್ರ ಅಮ್ಮನ ಜಾಡಿ ಮೇಲೆ."

ತರಗತಿಯೇ ಬಿದ್ದುಬಿದ್ದು ನಕ್ಕಿತು. ನಗುವವರಲ್ಲಿ ಅರ್ಧ ಜನರ ಮನೆಯಲ್ಲೂ ಅಂಥದೇ ಚೀಲ ಇತ್ತೆನ್ನುವುದು ಬೇರೆ ಮಾತು. ಹಳ್ಳಿಯಿಂದ ಸೋಫಿಯಾಕ್ಕೆ ಬಂದವರನ್ನು ಇಲ್ಲಿನವರು ಜಾಡಿಗಳು ಎಂದೇ ಕರೆಯುತ್ತಾರೆ. ತಾಯಂದಿರು ಶರತ್ಕಾಲವಿಡೀ ಕುದಿಸಿ, ಮುಚ್ಚಿ, ಬಸ್ಸಿಗೆ ಹಾಕಿ ಕಳಿಸುವ ಗಾಜಿನ ಜಾಡಿಗಳಿಲ್ಲದೆ ಈ ರಾಜಧಾನಿ ಒಂದು ಚಳಿಗಾಲವನ್ನೂ ದಾಟುವುದಿಲ್ಲ, ಆದರೂ ಗತ್ತಿಗೇನೂ ಕಮ್ಮಿಯಿಲ್ಲ. ಅದೇ ಸಂಜೆ ಬಸ್‌ಸ್ಟ್ಯಾಂಡಿನಿಂದ ನೇರ ತರಗತಿಗೆ ಬಂದಿದ್ದ ಝೋರ್ನಿತ್ಸಾಳ ಚೀಲದಲ್ಲಿ ಲ್ಯುತೆನಿತ್ಸಾ, ಅಂದರೆ ಖಾರವಿಲ್ಲದ ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು ಟೊಮೆಟೊ ಜೊತೆ ಕುದಿಸಿದ ಗೊಜ್ಜು, ಹೂಕೋಸಿನ ಉಪ್ಪಿನಕಾಯಿ, ಪ್ಲಮ್ ಹಣ್ಣಿನ ಪಾನಕ, ಕೊಬ್ಬಿನಲ್ಲಿಟ್ಟ ಹಂದಿಮಾಂಸ, ಜಾಡಿಗಳು ಒಡೆಯದಿರಲೆಂದು ನಡುವೆ ತುರುಕಿದ ಹೊಸ ಉಣ್ಣೆಯ ಕಾಲುಚೀಲ, ಎಲ್ಲವೂ ಇದ್ದವು.

ಮನೆಗೆ ಬಂದು ಕಪಾಟು ತೆರೆದಳು. ಮೇಲಿನಿಂದ ಕೆಳಗಿನವರೆಗೆ ಅಮ್ಮನೇ ಸಾಲಾಗಿ ನಿಂತಿದ್ದಳು. ತನ್ನ ಸಂಬಳದಲ್ಲಿ ಬಾಡಿಗೆ ಕಟ್ಟುತ್ತಿದ್ದುದು, ಬೂಟು ಕೊಳ್ಳುತ್ತಿದ್ದುದು ನಿಜ. ಆದರೆ ಹೊಟ್ಟೆಗೆ? ಹೊಟ್ಟೆಗೆ ಅವಳು ತಾನಾಗಿ ಒದಗಿಸುತ್ತಿದ್ದುದು ಬ್ರೆಡ್ಡು ಮತ್ತು ಮೊಸರು. ಕೊನೆಯ ದಿನ ಎದ್ದು ನಿಂತು ಆ ವಾಕ್ಯ ಹೇಳಲು ಬಾಯಿ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ವಾಕ್ಯವನ್ನು ಬಿಡಬಹುದಿತ್ತು. ಝೋರ್ನಿತ್ಸಾ ಜಾಡಿಗಳನ್ನು ಬಿಡಲು ನಿರ್ಧರಿಸಿದಳು.

ಭಾನುವಾರ ಊರಿಗೆ ಫೋನ್ ಮಾಡಿದಳು. ಊರು ತ್ರೋಯಾನ್ ಹತ್ತಿರದ ಹಳ್ಳಿ. ಅಮ್ಮ ಗಿನ್ಕಾ ಆಗ ಮೆಣಸಿನಕಾಯಿ ಸುಡುವ ಒಲೆಯ ಮುಂದಿದ್ದಳಂತೆ. ಝೋರ್ನಿತ್ಸಾ ಬಹಳ ಮೆತ್ತಗೆ ಹೇಳಿದಳು: ಈ ಚಳಿಗಾಲಕ್ಕೆ ಏನೂ ಕಳಿಸಬೇಡ, ನನಗೆ ಬೇಕಾದ್ದನ್ನು ನಾನೇ ಮಾಡಿಕೊಳ್ಳುತ್ತೇನೆ. ಅತ್ತ ಕಡೆ ಒಲೆ ಚಟಪಟ ಎನ್ನುತ್ತಿತ್ತು. ಹೋದ ಸಲದ್ದು ಉಪ್ಪಾಗಿತ್ತಾ ಎಂದು ಗಿನ್ಕಾ ಕೇಳಿದಳು. ಇಲ್ಲ. ಮಾಂಸ ಗಟ್ಟಿಯಾಗಿತ್ತಾ? ಅದೂ ಇಲ್ಲ.

"ಅವಳ ಹೆಸ್ರೇನು?" ಅಂದಳು ಗಿನ್ಕಾ.

"ಯಾರ ಹೆಸ್ರು?"

"ಅವ್ನ ತಾಯಿದು. ನನ್ನ ಜಾಡಿ ಬೇಡ ಅಂದ್ರೆ ಇನ್ಯಾವಳದೋ ಜಾಡಿ ಬರ್ತಿದೆ ಅಂತ ತಾನೇ? ನಾನೇನು ನಿನ್ನೆ ಹುಟ್ಟಿದೋಳಾ?"

ಝೋರ್ನಿತ್ಸಾ ಇಲ್ಲವೆಂದಳು, ಆಣೆ ಮಾಡಿದಳು, ಕೊನೆಗೆ ಇಂಗ್ಲಿಷ್ ತರಗತಿಯ ಕಥೆಯನ್ನೂ ಹೇಳಿದಳು. ಅಷ್ಟು ಉದ್ದದ ಕಥೆ ಕೇಳಿದ ಮೇಲೆ ಗಿನ್ಕಾಳಿಗೆ ಉಳಿದಿದ್ದ ಅನುಮಾನವೂ ಹೋಗಿ, ಹುಡುಗ ಇದ್ದಾನೆ ಎಂಬುದು ಖಚಿತವಾಯಿತು. ಸ್ವಂತ ಕಾಲ ಮೇಲೆ ನಿಲ್ಲಬೇಕಮ್ಮ ಎಂದು ಮಗಳು ಇನ್ನೊಮ್ಮೆ ಹೇಳಿದ್ದಕ್ಕೆ, "ನಮ್ ಕಡೆ ಆ ಮಾತು ತಾಯಿ ಸತ್ತ ಮೇಲೆ ಹೇಳೋದು ಕಣೇ," ಎಂದು ಫೋನ್ ಇಟ್ಟಳು.

ಆ ಮಾತು ಝೋರ್ನಿತ್ಸಾಳಿಗೆ ಚುಚ್ಚಿತು. ಎರಡು ದಿನ ಹಲ್ಲು ಕೂರಿಸುವಾಗಲೂ ಅದೇ ತಲೆಯಲ್ಲಿ. ಫೋನ್ ಮಾಡಿ, ಆಯಿತು ಕಳಿಸು ಎಂದುಬಿಟ್ಟರೆ ಎಲ್ಲವೂ ಸರಿಹೋಗುತ್ತಿತ್ತು. ಅಮ್ಮ ಹಾಡುತ್ತ ಚೀಲ ಕಟ್ಟುತ್ತಿದ್ದಳು. ಆದರೆ ಹಾಗೆ ಮಾಡಿದರೆ ತಾನು ಐವತ್ತಾದರೂ ಚೌಕಳಿ ಚೀಲದ ಮಗಳಾಗಿಯೇ ಉಳಿಯುತ್ತೇನೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಅಮ್ಮನನ್ನು ಕಳೆದುಕೊಳ್ಳದೆ ಅಮ್ಮನ ಜಾಡಿಯನ್ನು ಬಿಡಲು ಆಗುತ್ತದೆಯೇ? ಅವಳಿಗೆ ತಿಳಿದಮಟ್ಟಿಗೆ ಹಾಗೆ ಮಾಡಿದವರು ಯಾರೂ ಇರಲಿಲ್ಲ.

ಇಷ್ಟರ ಮೇಲೆ ಅವಳೇ ಒಂದು ಎಡವಟ್ಟು ಮಾಡಿಕೊಂಡಳು. ತುಂಬಿದ ಜಾಡಿ ಬರುವುದು ಎಷ್ಟು ಸಹಜವೋ ಖಾಲಿ ಜಾಡಿ ವಾಪಸ್ ಹೋಗುವುದೂ ಅಷ್ಟೇ ಸಹಜ. ಮದುವೆ ಮುರಿದವರು, ಆಸ್ತಿಗೆ ಕೋರ್ಟು ಹತ್ತಿದವರು ಕೂಡ ಖಾಲಿ ಜಾಡಿ ಇಟ್ಟುಕೊಳ್ಳುವುದಿಲ್ಲ. ಶುಕ್ರವಾರ ತರಗತಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಊರಿನ ಬಸ್ಸಿನ ಡ್ರೈವರ್ ಮೆತೋದಿ ಮಾಮ ಖಾಲಿ ಎಲ್ಲಿ ಎಂದು ಕೇಳಿದಾಗ, ಝೋರ್ನಿತ್ಸಾ ಯೋಚನೆ ಮಾಡದೆ, ಅವು ನನಗೇ ಬೇಕು ಎಂದುಬಿಟ್ಟಳು. ಲ್ಯುತೆನಿತ್ಸಾ ಮಾಡಿ ತುಂಬಿಡಲು ಜಾಡಿ ಬೇಕೇಬೇಕಲ್ಲ. ಮೆತೋದಿ ಹುಬ್ಬೇರಿಸಿ ಡಿಕ್ಕಿ ಮುಚ್ಚಿದ. ಅವನ ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ಗಿನ್ಕಾಳ ಮಗಳು ಜಾಡಿ ಇಟ್ಟುಕೊಂಡಿದ್ದಾಳೆ, ಚಳಿಗಾಲಕ್ಕೆ ತುಂಬಿಸುತ್ತಾಳಂತೆ. ಒಬ್ಬಳೇ ಇರುವವಳು ಚಳಿಗಾಲಕ್ಕೆಂದು ತುಂಬಿಸಿಡುವುದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ತುಂಬಿಸುವುದೆಂದರೆ ಸಂಸಾರ. ಇಡೀ ಬೀದಿ ಮಗುವಿನ ಹೆಸರಿಡುವವರೆಗೂ ಹೋಗಿ ಬಂತು.

ಇತ್ತ ಮುಂದಿನ ತರಗತಿಯಲ್ಲಿ ಆಸೆನ್ ತಲೆ ಕೆರೆದುಕೊಂಡು ಬಂದ. ಅವತ್ತು ತಾನು ಅಂದದ್ದು ಜಾಸ್ತಿಯಾಯಿತು ಎಂದ. ಝೋರ್ನಿತ್ಸಾ ಪ್ರಾಯಶ್ಚಿತ್ತಕ್ಕೆ ದಾರಿ ತೋರಿಸಿದಳು: ಮಾರ್ಕೆಟ್ಟಿನಿಂದ ಒಂದು ಮೂಟೆ ಮೆಣಸಿನಕಾಯಿ, ಒಂದು ಪೆಟ್ಟಿಗೆ ಟೊಮೆಟೊ ಹೊತ್ತು ತರಬೇಕು, ನಮ್ಮ ಕಟ್ಟಡದಲ್ಲಿ ಲಿಫ್ಟು ಕೆಟ್ಟಿದೆ. ಲಿಫ್ಟು ರಿಪೇರಿ ಮಾಡುವವನು ಶನಿವಾರ ಮೂಟೆ ಹೊತ್ತು ಆರು ಮಹಡಿ ಹತ್ತಿದ. ಹತ್ತಿ ಬಂದ ಮೇಲೆ ಆ ಚುರುಕು ಬಾಯಿ ಉಸಿರೆಳೆಯುವುದಕ್ಕಷ್ಟೇ ಬಳಕೆಯಾಯಿತು.

ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಡುವ ಕರೆಂಟಿನ ಒಲೆ ಕೆಂಪಗೆ ಕಾದಿತ್ತು. ಎರಡು ಸಲ ಫ್ಯೂಸ್ ಹೋಯಿತು, ಎರಡು ಸಲವೂ ಆಸೆನ್ ಸರಿಮಾಡಿದ. ಸುಟ್ಟ ಮೆಣಸಿನಕಾಯಿಗಳನ್ನು ಪಾತ್ರೆಗೆ ಹಾಕಿ ಮುಚ್ಚಿ, ಬೆವರಿದ ಮೇಲೆ ಸಿಪ್ಪೆ ಸುಲಿಯಬೇಕು. ಅಮ್ಮ ಮಾತಾಡುತ್ತ ಮಾತಾಡುತ್ತ ಸುಲಿದು ಬಿಸಾಡುತ್ತಿದ್ದುದು ಇವರ ಕೈಗೆ ಅಂಟಿಕೊಂಡು ಬಿಡಲೊಲ್ಲದು. ಆಸೆನ್ ಅಂಗಿ ಕೆಡಬಾರದೆಂದು ಅವಳ ಹೂವಿನ ಏಪ್ರನ್ ಕಟ್ಟಿಕೊಂಡಿದ್ದ. ಗೊಜ್ಜನ್ನು ದೊಡ್ಡ ಪಾತ್ರೆಯಲ್ಲಿ ಒಲೆಗೇರಿಸಿ ಝೋರ್ನಿತ್ಸಾ ಸೌಟು ಹಿಡಿದಳು. ಸೌಟು ಎಳೆದರೆ ತಳ ಕಾಣುವಂತೆ ದಾರಿ ಬಿಡಬೇಕು, ದಾರಿ ಕೂಡಲೇ ಮುಚ್ಚಿಕೊಳ್ಳಬಾರದು, ಆಗ ಇಳಿಸುವುದು. ಇಷ್ಟು ಅವಳಿಗೆ ಗೊತ್ತಿತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವಿನ ದೂರ ಅವತ್ತೇ ಗೊತ್ತಾಗುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಆಸೆನ್ ಹೋಗಿ ತೆಗೆದ. ಹೊರಗೆ ಗಿನ್ಕಾ ನಿಂತಿದ್ದಳು. ಹಬ್ಬದ ಕೋಟು, ಹೊಸ ತಲೆಬಟ್ಟೆ, ಕೈಯಲ್ಲಿ ಒಂದು ಚೀಲ, ಆರು ಮಹಡಿ ಹತ್ತಿದ ಏದುಸಿರು. ಬೀಗತಿಯನ್ನು ಮೊದಲ ಸಲ ಕಾಣಲು ಹೊರಟವಳಂತೆ ಬಂದಿದ್ದಳು, ಅವಳ ಲೆಕ್ಕದಲ್ಲಿ ಅದಕ್ಕೇ ಬಂದದ್ದು. ಮೊದಲು ಹೊಸ್ತಿಲ ಬಳಿಯ ದೊಡ್ಡ ಗಂಡಸಿನ ಬೂಟು ನೋಡಿದಳು. ಆಮೇಲೆ ಏಪ್ರನ್ ನೋಡಿದಳು. ಆಮೇಲೆ ಮೂಗೆತ್ತಿ ಗಾಳಿಯನ್ನು ಒಮ್ಮೆ ಎಳೆದುಕೊಂಡಳು.

ಒಳಗೆ ಬಂದು ಕೂತವಳೇ ಆಸೆನ್‌ನೊಡನೆ ಮಾತಿಗೆ ಇಳಿದಳು. ಯಾವೂರು, ಯಾವ ಕೆಲಸ, ಕುಡಿತ ಎಷ್ಟು, ಎಲ್ಲವನ್ನೂ ಸುತ್ತುಬಳಸದೆ ಕೇಳಿದಳು. ಪಾತ್ರೆ ಬಿಟ್ಟು ಬರಲಾಗದೆ ಝೋರ್ನಿತ್ಸಾ ಒಲೆಯ ಮುಂದಿನಿಂದಲೇ, ಅವನು ಬರೀ ಮೂಟೆ ಹೊರಲು ಬಂದವನು ಎಂದು ಕೂಗಿ ಹೇಳಿದಳು. ಕೇಳುವವರು ಯಾರು? ಗಿನ್ಕಾ ಮುಖ್ಯ ಪ್ರಶ್ನೆಗೆ ಬಂದಿದ್ದಳು.

"ನಿಮ್ ತಾಯಿ ಲ್ಯುತೆನಿತ್ಸಾಗೆ ಬದ್ನೇಕಾಯಿ ಹಾಕ್ತಾರಾ, ಹಾಕಲ್ವಾ?"

"ನಮ್ಮಮ್ಮ ಅಂಗಡೀದೇ ತರೋದು ಚಿಕ್ಕಮ್ಮ," ಅಂದ ಆಸೆನ್.

ಗಿನ್ಕಾಳ ಮುಖದಲ್ಲಿ ಮೊದಲು ಗೆಲುವು ಕಾಣಿಸಿತು. ಎದುರಾಳಿಯೇ ಇಲ್ಲ. ಮರುಗಳಿಗೆ ಅಂಗಡಿ ಜಾಡಿಯಲ್ಲಿ ಬೆಳೆದ ಈ ಅನಾಥನ ಮೇಲೆ ಕನಿಕರ ಉಕ್ಕಿತು. ಚೀಲ ತೆರೆದು ತನ್ನದೊಂದು ಜಾಡಿ ತೆಗೆದು ಅವನ ಕೈಗಿಟ್ಟಳು, ಮನೆಗೆ ಹೋಗಿ ಅಮ್ಮನಿಗೆ ರುಚಿ ತೋರಿಸು ಎಂದಳು. ಆಸೆನ್ ಬುದ್ಧಿವಂತ. ಏಪ್ರನ್ ಬಿಚ್ಚಿಟ್ಟು, ಜಾಡಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕೆಳಗೆ ಲಿಫ್ಟು ನೋಡಬೇಕೆಂದು ನೆಪ ಹೇಳಿ ಜಾರಿಕೊಂಡ.

ಈಗ ಅಡುಗೆಮನೆಯಲ್ಲಿ ಇಬ್ಬರೇ.

"ಹಾಗಾದ್ರೆ ಇದೆಲ್ಲ ಯಾರಿಗೆ?" ಗಿನ್ಕಾ ಮೂಟೆಯನ್ನು, ಸಾಲು ಜಾಡಿಗಳನ್ನು ತೋರಿಸಿದಳು.

"ನಂಗೆ."

"ಒಬ್ಬಳಿಗಾ?"

"ಒಬ್ಬಳಿಗೇ."

ಗಿನ್ಕಾಳ ಕೈ ಮಡಿಲಿಗೆ ಬಿತ್ತು. ಬೇರೆ ಹೆಂಗಸಿನ ಜೊತೆ ಜಗಳಕ್ಕೆ ಅವಳು ತಯಾರಾಗಿ ಬಂದಿದ್ದಳು, ದಾರಿಯುದ್ದಕ್ಕೂ ಮೆತೋದಿಯ ಹಿಂದಿನ ಸೀಟಿನಲ್ಲಿ ಮಾತುಗಳನ್ನು ಮಸೆದುಕೊಂಡು ಬಂದಿದ್ದಳು. ಆ ಹೆಂಗಸೇ ಇಲ್ಲದಿದ್ದರೆ ಮಗಳು ಬೇಡವೆಂದದ್ದು ತನ್ನನ್ನೇ. ಕಣ್ಣು ತುಂಬಿಕೊಂಡಿತು. ಆದರೆ ಅಳುತ್ತ ಕೂರುವ ಜಾಯಮಾನವಲ್ಲ. ಎದ್ದಳು, ತೋಳು ಮಡಿಸಿದಳು, ಸೌಟಿಗೆ ಕೈ ಚಾಚಿದಳು. ಕೊಡು ಇಲ್ಲಿ, ಉರಿ ಜಾಸ್ತಿಯಾಗಿದೆ, ಹೀಗೆ ತಿರುವಿದರೆ ನಾಳೆಯವರೆಗೂ ಆಗುವುದಿಲ್ಲ ಎಂದಳು.

ಝೋರ್ನಿತ್ಸಾ ಸೌಟನ್ನು ಎದೆಗೆ ಒತ್ತಿಕೊಂಡಳು. ಗೊಜ್ಜು ಅಂಗಿಗೆ ಬಳಿದುಕೊಂಡಿತು.

"ಕೊಡಲ್ಲಮ್ಮ. ಕೆಡ್ಸಿದ್ರೂ ನಾನೇ ಕೆಡಿಸ್ತೀನಿ. ನೀನ್ ಕೂತ್ಕೋ. ಕೂತು ನೋಡು, ಹೋಗ್ಬೇಡ. ಆದ್ರೆ ಬಾಯಿ ಮುಚ್ಕೊಂಡು ಕೂತ್ಕೋ."

ಇಷ್ಟು ವರ್ಷದಲ್ಲಿ ಅವಳು ಅಮ್ಮನಿಗೆ ಬಾಯಿ ಮುಚ್ಚಿಕೋ ಎಂದವಳಲ್ಲ. ಅಮ್ಮ ಈಗ ಕೋಟು ಹಾಕಿಕೊಂಡು ಹೊರಟುಬಿಡುತ್ತಾಳೆ, ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡಳು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಹಿಂದೆ ಸ್ಟೂಲು ಕಿರುಗುಟ್ಟಿತು. ಗಿನ್ಕಾ ಕೂತಿದ್ದಳು.

ಆಮೇಲಿನ ಆ ಹೊತ್ತು ಗಿನ್ಕಾಳ ಪಾಲಿಗೆ ಎಂಥದ್ದೆಂದು ಅವಳಂಥವರನ್ನು ತಾಯಿಯಾಗಿ ಪಡೆದವರಿಗೆ ಮಾತ್ರ ಅರ್ಥವಾದೀತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಳು, ಅವು ತಾವಾಗಿ ಎದ್ದು ಹೋಗದಂತೆ. ಮಗಳು ಉಪ್ಪು ಹಾಕುವಾಗ ಕಿಟಕಿಯ ಕಡೆ ನೋಡಿದಳು. ಸಕ್ಕರೆ ಮರೆತಾಗ ಕೆಮ್ಮಿದಳು, ಕೆಮ್ಮು ನಿಜವಾದದ್ದೆಂದು ತೋರಿಸಲು ಇನ್ನೊಮ್ಮೆ ಕೆಮ್ಮಿದಳು. ಝೋರ್ನಿತ್ಸಾ ಸಕ್ಕರೆ ಹಾಕಿದಳು, ಕೆಮ್ಮಿಗೆ ಏನೂ ಹೇಳಲಿಲ್ಲ. ಕೊನೆಗೆ ಸೌಟು ದಾರಿ ಬಿಟ್ಟಿತು. ಪಾತ್ರೆ ಇಳಿಸಿ ತುಂಬಿಸುವಾಗ ತಳದಿಂದ ಕಪ್ಪು ಚಕ್ಕೆಗಳು ಎದ್ದು ಬಂದವು. ತಳ ಹಿಡಿದಿತ್ತು. ಮನೆಯೆಲ್ಲ ಅದೇ ವಾಸನೆಯಿದ್ದದ್ದು ಅವಳ ಮೂಗಿಗೆ ಆಗ ಬಂತು.

ಅಳು ಉಕ್ಕಿ ಬಂತು ಝೋರ್ನಿತ್ಸಾಳಿಗೆ. ತಿರುಗಿ ಅಮ್ಮನನ್ನು ನೋಡಿದಳು.

"ತಳ ಹತ್ತಿದ್ದು ನಿಂಗೆ ಗೊತ್ತಾಗಿತ್ತಾ?"

"ಯಾವಾಗ್ಲೋ ಗೊತ್ತಾಗಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಬಾಯಿ ಮುಚ್ಕೋ ಅಂದೋಳು ನೀನೇ ಅಲ್ವಾ," ಎನ್ನುತ್ತ ಗಿನ್ಕಾ ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದಳು. ಜೋಮು ಹಿಡಿದಿದ್ದವು, ಉಜ್ಜಿಕೊಂಡಳು.

ಆಮೇಲೆ ಅವಳು ಹೇಳಿದ್ದನ್ನು ಝೋರ್ನಿತ್ಸಾ ಅದಕ್ಕೂ ಮೊದಲು ಕೇಳಿರಲಿಲ್ಲ. ಗಿನ್ಕಾಳ ಅತ್ತೆ ತಾನು ಸಾಯುವವರೆಗೂ ಸೊಸೆಯ ಕೈಗೆ ಸೌಟು ಕೊಟ್ಟವಳಲ್ಲ. ಮೆಣಸಿನಕಾಯಿ ತೊಳಿ, ಕಟ್ಟಿಗೆ ತಾ, ಅಷ್ಟೇ ಕೆಲಸ. ಅತ್ತೆ ಹೋದ ಮೊದಲ ಶರತ್ಕಾಲ, ಗಿನ್ಕಾ ಅಂಗಳದಲ್ಲಿ ಅಷ್ಟು ದೊಡ್ಡ ಹಂಡೆಯ ಮುಂದೆ ಒಬ್ಬಳೇ ನಿಂತಳು. ಇಡೀ ಹಂಡೆ ಸೀದುಹೋಯಿತು. ಬೇಲಿಯಾಚೆ ಅಕ್ಕಪಕ್ಕದವರಿಗೆಲ್ಲ ವಾಸನೆ ಹೋಗಿತ್ತು, ಒಬ್ಬರೂ ಈಚೆ ಬರಲಿಲ್ಲ. ಆ ಚಳಿಗಾಲವಿಡೀ ಗಂಡ ಅದನ್ನೇ ತಿಂದ, ಒಂದು ಮಾತಾಡಲಿಲ್ಲ. ಅವನು ಬೈದಿದ್ದರೆ ವಾಸಿಯಿತ್ತು ಎಂದಳು ಗಿನ್ಕಾ.

"ನೀನೂ ತಿಂದಿದ್ದೀಯ. ಚಿಕ್ಕೋಳು. ಚೆನ್ನಾಗಿದೆ ಅಂದಿದ್ದೆ."

"ನಂಗೆ ನೆನಪಿಲ್ಲ."

"ನಂಗಿದೆ. ಆ ಹಂಡೆ ಮುಂದೆ ನಿನ್ನ ಒಬ್ಬಳನ್ನೇ ನಿಲ್ಲಿಸ್ಬಾರ್ದು ಅಂತ ಅವತ್ತೇ ಅಂದ್ಕೊಂಡೆ. ಅದ್ಕೇ ಕಳಿಸ್ತಾ ಹೋದೆ. ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತ್ರೂ ಆಗತ್ತೆ ಅಂತ ನಂಗೆ ಹೊಳೀಲೇ ಇಲ್ಲ ನೋಡು."

ಝೋರ್ನಿತ್ಸಾ ಅಮ್ಮನ ಪಕ್ಕ ನೆಲದ ಮೇಲೆ ಕೂತು ಅವಳ ಮಂಡಿಗೆ ತಲೆಯಾನಿಸಿದಳು. ಗೊಜ್ಜಿನ ಕೈ ಹಬ್ಬದ ಕೋಟಿಗೆ ತಾಗಿತು, ಗಿನ್ಕಾ ನೋಡಿಯೂ ನೋಡದಂತಿದ್ದಳು. ಕೆಳಗೆಲ್ಲೋ ಲಿಫ್ಟು ಒಮ್ಮೆ ಗುರುಗುಟ್ಟಿ ಮತ್ತೆ ನಿಂತುಹೋಯಿತು.

ಆಮೇಲೆ ಝೋರ್ನಿತ್ಸಾ ಎದ್ದು ಬ್ರೆಡ್ ಕತ್ತರಿಸಿ, ಬಿಸಿ ಲ್ಯುತೆನಿತ್ಸಾ ಬಳಿದು, ಮೇಲೆ ಬಿಳಿ ಚೀಸ್ ಉದುರಿಸಿ ಅಮ್ಮನ ಮುಂದಿಟ್ಟಳು. ಗಿನ್ಕಾ ಕಚ್ಚಿದಳು, ಅಗಿದಳು, ನುಂಗಿದಳು. ಸೀದಿದೆ ಎಂದಳು. ಉಪ್ಪೂ ಮುಂದಾಗಿದೆ ಎಂದಳು. ಹೇಳಿ ಮುಗಿಸಿ ತಟ್ಟೆಯನ್ನು ಮಗಳ ಕಡೆ ತಳ್ಳಿದಳು, ಇನ್ನೊಂದು ತುಂಡಿಗೆ.

ಎರಡನೆಯದನ್ನು ತಿನ್ನುತ್ತ, ಎಲ್ಲೋ ನೋಡುತ್ತ ಕೇಳಿದಳು: "ಹಾಗಾದ್ರೆ ಮೆತೋದಿ ಕೈಲಿ ಏನೂ ಕಳಿಸ್ಬೇಡ್ವಾ?"

"ಬೇಡಮ್ಮ. ಬೇಕಾದ್ರೆ ನಾನೇ ಕೇಳ್ತೀನಿ."

"ನೀನು ಕೇಳ್ದೇ ಇದ್ರೆ?"

"ಆಗ ನೀನೇ ಇಲ್ಲಿಗೆ ಬಂದು ಉಂಡ್ಕೊಂಡು ಹೋಗು."

ಗಿನ್ಕಾ ಅಗಿಯುವುದನ್ನು ನಿಲ್ಲಿಸಿದಳು. ಮಗಳ ಮನೆಯಲ್ಲಿ ಮಗಳು ಮಾಡಿದ್ದನ್ನು ಉಣ್ಣಲು ಬರುವುದು. ಹಾಗೊಂದು ದಾರಿಯಿದೆಯೆಂದು ಅವಳು ಯೋಚಿಸಿದವಳಲ್ಲ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಎಲ್ಲಾದರೂ ಮೋಸವಿದೆಯೇ ಎಂದು.

"ಬರ್ತೀನಿ," ಎಂದಳು ಕೊನೆಗೆ. "ಆದ್ರೆ ಬರಿಗೈಲಿ ಬರಲ್ಲ. ಬ್ರೆಡ್ ನಂದು."

ಝೋರ್ನಿತ್ಸಾ ಒಪ್ಪಿಕೊಂಡಳು. ಬ್ರೆಡ್ಡಿನ ಮಟ್ಟಿಗೆ ಅಮ್ಮನ ಹಂಗಿನಲ್ಲಿರಲು ಅವಳ ಅಭ್ಯಂತರವೇನೂ ಇರಲಿಲ್ಲ.